ಕೈಯೊಳಗಿನ ನಡುಕವನ್ನು ಪಳಗಿಸುವುದು ಹೇಗೆ: ಗೇಮ್ ಕಂಟ್ರೋಲರ್ ಕಂಪನಕ್ಕೊಂದು ಸಮಗ್ರ ಮಾರ್ಗದರ್ಶಿ

ಗೇಮ್ ಕಂಟ್ರೋಲರ್‌ನ ಕಂಪನದ ವಿಷಯಕ್ಕೆ ಬಂದರೆ ಆಟಗಾರರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗೆಯೇ ಬಿಟ್ಟು, ಬಂದೂಕು ಸಿಡಿದರೂ ಬಾಗಿಲು ತೆರೆದರೂ ಒಂದೇ ಸಮನೆ ಗಡಗಡ ನಡುಗುವ ಕಂಟ್ರೋಲರನ್ನು ಸಹಿಸಿಕೊಂಡು ಆಡುತ್ತಾರೆ. ಇನ್ನೊಂದು ಪಕ್ಷದವರು ಮೊದಲ ದಿನವೇ ಅದನ್ನು ಪೂರ್ತಿ ಆರಿಸಿ ಮತ್ತೆ ಅತ್ತ ತಲೆ ಹಾಕುವುದಿಲ್ಲ. ನಾನು ಬಹಳ ಕಾಲ ಎರಡನೆಯ ಪಕ್ಷದಲ್ಲಿದ್ದೆ. ಅಂಗೈ ಜೋಮು ಹಿಡಿಸುವ ಆ ಗದ್ದಲದಿಂದ ನನಗೇನೂ ಆಗಬೇಕಾಗಿಲ್ಲ ಎಂದು ನಂಬಿದ್ದೆ.

ನಂಬಿಕೆ ಕದಲಿದ್ದು ಒಂದು ಕಾರ್ ರೇಸಿಂಗ್ ಆಟದಲ್ಲಿ, ಅದೂ ಗೆಳೆಯನ ಕಂಟ್ರೋಲರ್ ಹಿಡಿದಿದ್ದಾಗ. ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತಿದೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿದುಬಿಟ್ಟಿತು. ಸಣ್ಣ ಮರಮರ ಸದ್ದಿನಂಥ ಅದುರು, ಅಷ್ಟೇ. ಆದರೆ ಆ ಅದುರಿಗೆ ಅರ್ಥವಿತ್ತು. ಅಂದಿನಿಂದ ಯಾವ ಆಟ ತೆರೆದರೂ ಕಂಪನದ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ನಡುಕ ನನಗೆ ಏನನ್ನಾದರೂ ಹೇಳುತ್ತಿದೆಯೇ? ಹೇಳುತ್ತಿದ್ದರೆ ಇರಲಿ, ಸುಮ್ಮನೆ ಕೂಗಾಡುತ್ತಿದ್ದರೆ ಬಾಯಿ ಮುಚ್ಚಿಸೋಣ. ಈ ಮಾರ್ಗದರ್ಶಿಯೆಲ್ಲ ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಬೇಕಾಗುವುದು ಒಂದು ಸಂಜೆಯ ಬಿಡುವು, ನಿಮ್ಮ ಕಂಟ್ರೋಲರ್, ಅದರ ಕೇಬಲ್, ಮತ್ತು ನೀವು ಈಗಾಗಲೇ ಚೆನ್ನಾಗಿ ಆಡಿ ಬಲ್ಲ ಎರಡು ಆಟಗಳು. ಹೊಸ ಆಟ ಬೇಡ. ಹೊಸತರಲ್ಲಿ ಗಮನವೆಲ್ಲ ಆಟದ ಮೇಲೆಯೇ ಹೋಗುತ್ತದೆ, ಕೈಯ ಮೇಲೆ ಉಳಿಯುವುದಿಲ್ಲ.

ಹಂತ 1: ಕೈಯಲ್ಲಿರುವ ಯಂತ್ರ ಯಾವ ಜಾತಿಯದು ಎಂದು ತಿಳಿಯಿರಿ

ಇದನ್ನು ಬಿಟ್ಟು ನೇರವಾಗಿ ಸೆಟ್ಟಿಂಗ್ಸ್‌ಗೆ ಕೈಹಾಕುವವರೇ ಹೆಚ್ಚು. ಆದರೆ ಒಳಗಿರುವ ಯಂತ್ರ ಏನನ್ನು ಮಾಡಬಲ್ಲದು ಎಂದು ತಿಳಿಯದೆ ಅದರಿಂದ ಏನನ್ನು ನಿರೀಕ್ಷಿಸಬೇಕೆಂದು ತಿಳಿಯುವುದಿಲ್ಲ. ಸದ್ಯ ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಹಳೆಯ, ಗಟ್ಟಿಮುಟ್ಟಾದ ತಿರುಗು ಮೋಟರ್. ಮೋಟರಿನ ಅಚ್ಚಿಗೆ ಲೋಹದ ತೂಕವೊಂದನ್ನು ಒಂದು ಬದಿಗೆ ವಾಲುವಂತೆ ಕೂರಿಸಿರುತ್ತಾರೆ. ಅಚ್ಚು ತಿರುಗಿದಾಗ ಸಮತೋಲ ತಪ್ಪಿದ ಆ ತೂಕ ಇಡೀ ಕಂಟ್ರೋಲರನ್ನು ಎಳೆದಾಡುತ್ತದೆ. ಬಟ್ಟೆಯೆಲ್ಲ ಒಂದೇ ಬದಿಗೆ ಸೇರಿಕೊಂಡ ವಾಷಿಂಗ್ ಮಷೀನ್ ಕುಣಿಯುವುದನ್ನು ನೋಡಿದ್ದರೆ ತತ್ತ್ವ ಗೊತ್ತಾದಂತೆಯೇ. 1997ರಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂದ ರಂಬಲ್ ಪ್ಯಾಕ್ ಇದೇ ಜಾತಿಯದು. ಕಂಟ್ರೋಲರ್‌ನ ಬೆನ್ನಿಗೆ ಸಿಕ್ಕಿಸುವ ಆ ಪೆಟ್ಟಿಗೆಗೆ ತನ್ನದೇ ಎರಡು ಎಎಎ ಬ್ಯಾಟರಿ ಬೇಕಿತ್ತು. ಸ್ಟಾರ್ ಫಾಕ್ಸ್ 64 ಆಟದ ಜೊತೆಗೆ ಅದು ಮನೆಗಳನ್ನು ಸೇರಿತು. ಅದೇ ವರ್ಷದ ಕೊನೆಗೆ ಜಪಾನಿನಲ್ಲಿ ಬಂದ ಸೋನಿಯ ಡ್ಯುಯಲ್‌ಶಾಕ್ ಮೋಟರ್‌ಗಳನ್ನು ಹಿಡಿಕೆಗಳೊಳಗೇ ಇಟ್ಟಿತು: ಎಡಗಡೆ ದೊಡ್ಡದು, ಬಲಗಡೆ ಚಿಕ್ಕದು. ದೊಡ್ಡದು ನಿಧಾನವಾಗಿ ಗುಡುಗುತ್ತದೆ, ಚಿಕ್ಕದು ಚುರುಕಾಗಿ ಝೇಂಕರಿಸುತ್ತದೆ. ಈ ಎಡ-ಬಲ ಹಂಚಿಕೆ ಇಂದಿಗೂ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಲ್ಲಿ ಹಾಗೆಯೇ ಉಳಿದಿದೆ.

ಈ ಜಾತಿಗೆ ಹುಟ್ಟಿನಿಂದಲೇ ಎರಡು ಕೊರತೆಗಳಿವೆ. ಒಂದು, ಜೋರಾಗಿ ನಡುಗಬೇಕಾದರೆ ವೇಗವಾಗಿ ತಿರುಗಲೇಬೇಕು. ಜೋರು ಮತ್ತು ವೇಗ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. "ನಿಧಾನವಾದ ಆದರೆ ಬಲವಾದ ಬಡಿತ" ಎಂಬುದು ಒಂದು ಮೋಟರಿನಿಂದ ಆಗದ ಕೆಲಸ. ಇನ್ನೊಂದು, ತೂಕಕ್ಕೆ ಜಡತ್ವವಿದೆ. ಅದು ವೇಗ ಪಡೆಯಲು ಒಂದಿಷ್ಟು ಹೊತ್ತು, ನಿಲ್ಲಲು ಇನ್ನಷ್ಟು ಹೊತ್ತು. ಹಾಗಾಗಿ ಒಂದು ಗುಂಡಿನ ಏಟು ಚುಕ್ಕಿಯಂತೆ ಬರದೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡು ಬರುತ್ತದೆ.

ಎರಡನೆಯ ಜಾತಿಯಲ್ಲಿ ತಿರುಗುವುದು ಏನೂ ಇಲ್ಲ. ಸ್ಪ್ರಿಂಗ್‌ಗೆ ಕಟ್ಟಿದ ತೂಕವೊಂದನ್ನು ವಿದ್ಯುತ್ ಸುರುಳಿಯು ಹಿಂದೆ ಮುಂದೆ ಓಡಿಸುತ್ತದೆ. ಬೇಗ ಶುರುವಾಗುತ್ತದೆ, ಬೇಗ ನಿಲ್ಲುತ್ತದೆ. ಆದರೆ ತನಗೊಪ್ಪುವ ಒಂದೆರಡು ಆವರ್ತನಗಳ (ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕದ) ಹತ್ತಿರ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. 2017ರ ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಒಳಗಿರುವುದು ಇದು. ಜಾಯ್‌ಕಾನ್ ವಾಲಿಸಿ ಪೆಟ್ಟಿಗೆಯೊಳಗೆ ಎಷ್ಟು ಗೋಲಿಗಳಿವೆ ಎಂದು ಕೈಯಿಂದಲೇ ಎಣಿಸುವ ಪುಟ್ಟ ಆಟವೊಂದು ಆಗ 1-2-ಸ್ವಿಚ್‌ನಲ್ಲಿತ್ತು. ಗೋಲಿಗಳು ಉರುಳಿ ಗೋಡೆಗೆ ತಾಗುವುದು ಅಂಗೈಗೆ ತಿಳಿಯುತ್ತಿತ್ತು. ಅಂಥ ನಯ ತಿರುಗು ಮೋಟರಿಗೆ ಒಲಿಯುವಂಥದ್ದಲ್ಲ.

ಮೂರನೆಯದು ಸ್ಪೀಕರಿನ ತಮ್ಮ. ಸ್ಪೀಕರಿನಲ್ಲಿ ಸುರುಳಿ ಕಾಗದದ ಪೊರೆಯನ್ನು ಅಲುಗಿಸಿದರೆ ಇಲ್ಲಿ ತೂಕವನ್ನು ಅಲುಗಿಸುತ್ತದೆ. ಹೆಚ್ಚು ವಿಸ್ತಾರವಾದ ಆವರ್ತನಗಳು ಇದಕ್ಕೆ ಸಾಧ್ಯ, ಆಟ ರೂಪಿಸುವವರು ಕಂಪನವನ್ನು ಧ್ವನಿಯಂತೆಯೇ ಬರೆದು ಕಳಿಸಬಹುದು. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5ರ ಜೊತೆ ಬಂದ ಡ್ಯುಯಲ್‌ಸೆನ್ಸ್ ಈ ಜಾತಿಯದು. ಆಸ್ಟ್ರೋಸ್ ಪ್ಲೇರೂಮ್ ಆಟದಲ್ಲಿ ಪುಟ್ಟ ರೋಬಾಟ್ ಗಾಜಿನ ಮೇಲೆ ನಡೆದರೆ ಒಂದು ಬಗೆ, ಮರಳಿನ ಮೇಲೆ ನಡೆದರೆ ಇನ್ನೊಂದು ಬಗೆ ಎನಿಸುವುದು ಇದರಿಂದಲೇ.

ನಿಮ್ಮದು ಯಾವುದೆಂದು ತಿಳಿಯಲು ಕಂಪನ ನಡೆಯುವಾಗ ಕಂಟ್ರೋಲರನ್ನು ಕಿವಿಯ ಬಳಿ ಹಿಡಿಯಿರಿ. ಗುರ್ರೆಂದು ಏರಿ ಗುರ್ರೆಂದು ಇಳಿದರೆ ತಿರುಗು ಮೋಟರ್. ಟಕ್ಕೆಂದು ಶುರುವಾಗಿ ಟಕ್ಕೆಂದು ನಿಂತರೆ ಉಳಿದೆರಡರಲ್ಲಿ ಒಂದು. ಮೋಟರ್ ಜಾತಿಯದಾದರೆ ಸೆಟ್ಟಿಂಗ್ಸ್‌ನಲ್ಲಿ ಕಂಪನದ ಜೋರನ್ನು ಏರಿಸಿಳಿಸುವ ಸ್ಲೈಡರ್ ಹೊಂದಿಸುವಾಗ ಸೂಕ್ಷ್ಮಕ್ಕೆ ಹೋಗುವುದು ವ್ಯರ್ಥ: ತೀರಾ ಕಡಿಮೆ ಮಟ್ಟದಲ್ಲಿ ಮೋಟರ್ ಅಲುಗುವುದೇ ಇಲ್ಲ, ಒಂದು ಹಂತ ದಾಟಿದೊಡನೆ ಒಮ್ಮೆಲೇ ಎದ್ದು ಕುಣಿಯುತ್ತದೆ. ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಹೊಂದಿಸಿದರೆ ಸಾಕು.

ಹಂತ 2: ಯಂತ್ರಕ್ಕೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಿ

ಒಮ್ಮೆ ಆರೇಳು ತಿಂಗಳ ಕಾಲ ನಾನು ಆಟಗಳನ್ನೇ ಬೈಯುತ್ತಿದ್ದೆ. ಸ್ಫೋಟವಾದರೂ ಸೊಳ್ಳೆ ಗುಂಯ್‌ಗುಟ್ಟಿದಂತೆ ಇತ್ತು ಕಂಪನ. ಕೊನೆಗೆ ಬಿಚ್ಚಿ ನೋಡಿದರೆ ಎಡಗಡೆಯ ದೊಡ್ಡ ಮೋಟರಿನ ತಂತಿ ಬೆಸುಗೆಯಿಂದ ಕಿತ್ತುಬಂದಿತ್ತು. ಯಾವಾಗಲೋ ಕೈಜಾರಿ ಬೀಳಿಸಿದ್ದರ ಫಲ. ಆದ್ದರಿಂದ ಮೊದಲು ತಪಾಸಣೆ.

ಕಂಪ್ಯೂಟರಿಗೆ ಕಂಟ್ರೋಲರ್ ಜೋಡಿಸಿ, ಬ್ರೌಸರಿನಲ್ಲೇ ಗೇಮ್‌ಪ್ಯಾಡ್ ಪರೀಕ್ಷಿಸುವ ಯಾವುದಾದರೊಂದು ಪುಟ ತೆರೆಯಿರಿ. ಕ್ರೋಮ್‌ನಂಥ ಬ್ರೌಸರ್‌ಗಳು ಕಂಪನದ ಆಜ್ಞೆಯನ್ನು ನೇರವಾಗಿ ಕಂಟ್ರೋಲರಿಗೆ ಕಳಿಸಬಲ್ಲವು. ಜೋರು ಮೋಟರನ್ನು ಮಾತ್ರ ಓಡಿಸಿ, ಎಡಗೈಯಲ್ಲಿ ಗುಡುಗಬೇಕು. ಮೆಲ್ಲಗಿನದನ್ನು ಮಾತ್ರ ಓಡಿಸಿ, ಬಲಗೈಯಲ್ಲಿ ಝೇಂಕರಿಸಬೇಕು. ಒಂದು ಬದಿ ಸತ್ತಿದ್ದರೆ ಇನ್ನು ಮುಂದಿನ ಯಾವ ಹಂತವೂ ಫಲಕೊಡುವುದಿಲ್ಲ. ಕಂಪನದ ಜೊತೆಗೆ ಕಟಕಟ ಎಂಬ ಒಡಕು ಸದ್ದು ಬಂದರೆ ತೂಕ ಸಡಿಲಗೊಂಡಿರಬಹುದು, ಇಲ್ಲವೇ ತಿರುಪೊಂದು ಬಿಗಿಯಿಲ್ಲದಿರಬಹುದು. ಬ್ಯಾಟರಿ ತಳ ಮುಟ್ಟಿರುವಾಗ ಪರೀಕ್ಷೆ ಮಾಡಬೇಡಿ. ಸೊರಗಿದ ಬ್ಯಾಟರಿಯಿಂದ ಬಂದ ತೀರ್ಪನ್ನು ನಂಬುವಂತಿಲ್ಲ.

ಹಂತ 3: ಮೂರು ಮಹಡಿಗಳ ಸೆಟ್ಟಿಂಗ್ಸ್ ಎಲ್ಲೆಲ್ಲಿವೆ ಎಂದು ಗುರುತಿಸಿಕೊಳ್ಳಿ

ಕಂಪನದ ಕೀಲಿ ಒಂದೇ ಕಡೆ ಇರುವುದಿಲ್ಲ. ಕೆಳಮಹಡಿಯಲ್ಲಿ ಯಂತ್ರದ ಸ್ವಂತ ಸೆಟ್ಟಿಂಗ್, ಮೇಲ್ಮಹಡಿಯಲ್ಲಿ ಆಟದ ಸೆಟ್ಟಿಂಗ್, ಪಿಸಿಯಾದರೆ ನಡುವೆ ಆಟಗಳನ್ನು ಕೊಂಡು ಓಡಿಸುವ ಸ್ಟೀಮ್‌ನಂಥ ತಂತ್ರಾಂಶದ ಇನ್ನೊಂದು ಮಹಡಿ.

ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸರೀಸ್, ಕಂಟ್ರೋಲರ್ಸ್ ಎಂಬ ದಾರಿಯಲ್ಲಿ ಹೋದರೆ ಕಂಪನಕ್ಕೊಂದು, ಟ್ರಿಗರಿನ (ತೋರುಬೆರಳಿನಿಂದ ಒತ್ತುವ ಗುಂಡಿಯ) ಪರಿಣಾಮಕ್ಕೊಂದು ಬೇರೆಬೇರೆ ಆಯ್ಕೆ ಸಿಗುತ್ತದೆ. ಜೋರು, ಮಧ್ಯಮ, ಮೆಲ್ಲಗೆ, ಬಂದ್ ಎಂಬ ಮೆಟ್ಟಿಲುಗಳಿವೆ. ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್‌ನಲ್ಲಿ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಎಂಬ ಆ್ಯಪ್ ಈ ಕೆಲಸ ನೋಡಿಕೊಳ್ಳುತ್ತದೆ. ಎಲೀಟ್ ಬಗೆಯ ಕಂಟ್ರೋಲರ್ ಇದ್ದರೆ ಹಿಡಿಕೆಯ ಮೋಟರನ್ನೂ ಟ್ರಿಗರಿನ ಮೋಟರನ್ನೂ ಪ್ರತ್ಯೇಕವಾಗಿ ಹೊಂದಿಸಬಹುದು. ಸ್ವಿಚ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ಮತ್ತು ಸೆನ್ಸರ್ಸ್ ವಿಭಾಗದಲ್ಲಿ ಒಂದು ಕೀಲಿಯಿದೆ: ಇದೆ ಅಥವಾ ಇಲ್ಲ, ಅಷ್ಟೇ. ಅಷ್ಟು ನಯವಾದ ಯಂತ್ರ ಕೊಟ್ಟು ಇಷ್ಟು ಮೊಂಡಾದ ಕೀಲಿ ಇಟ್ಟಿದ್ದೇಕೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ಈ ಮಹಡಿಗಳಲ್ಲಿ ಮಾಡಿದ ಕಡಿತಗಳು ಒಂದರ ಮೇಲೊಂದು ಬೀಳುತ್ತವೆ. ಯಂತ್ರದಲ್ಲಿ ಅರ್ಧ, ಆಟದಲ್ಲಿ ಅರ್ಧ ಎಂದು ಇಟ್ಟರೆ ಕೈಗೆ ಮುಟ್ಟುವುದು ಹೆಚ್ಚುಕಡಿಮೆ ಕಾಲು ಪಾಲು. "ಕಂಪನ ಕೆಲಸವನ್ನೇ ಮಾಡುತ್ತಿಲ್ಲ" ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ. ಹಾಗಾಗಿ ಯಂತ್ರದ ಮಟ್ಟವನ್ನು ಪೂರ್ತಿಯಾಗಿಟ್ಟು ಆಟದೊಳಗೆ ತಗ್ಗಿಸುವುದು ಒಳ್ಳೆಯ ಅಭ್ಯಾಸ. ಆಟದೊಳಗೆ ಸ್ಲೈಡರ್ ಇಲ್ಲದೆ ಹೌದು-ಇಲ್ಲ ಮಾತ್ರ ಇದ್ದಾಗ ಯಂತ್ರದ ಮಟ್ಟವನ್ನು ಮುಟ್ಟಿ. ಪಿಸಿಯಲ್ಲಿ ಸ್ಟೀಮ್ ಇದ್ದರೆ ಪ್ರತಿ ಆಟಕ್ಕೂ ಬೇರೆಯಾಗಿ ಕಂಪನವನ್ನು ಹೊಂದಿಸಿಡಬಹುದು, ಅದು ದೊಡ್ಡ ಅನುಕೂಲ.

ಹಂತ 4: ಶೂನ್ಯದಿಂದ ಮೇಲಕ್ಕೆ ಬನ್ನಿ

ಇಲ್ಲಿಗೆ ಬಂದಾಗಲೇ ನಿಜವಾದ ಕೆಲಸ. ಬಹಳಷ್ಟು ಜನ ಪೂರ್ತಿ ಜೋರಿನಿಂದ ಶುರುಮಾಡಿ, ಸಹಿಸಲಾಗದಿದ್ದಾಗ ಕೆಳಕ್ಕಿಳಿಯುತ್ತಾರೆ. ಕಾದ ನೀರಿನಲ್ಲಿ ಕೈಯಿಟ್ಟು ಆಮೇಲೆ ಉಗುರು ಬೆಚ್ಚಗಿನ ನೀರನ್ನು ಮುಟ್ಟಿದರೆ ತಣ್ಣಗಿದೆ ಎನಿಸುತ್ತದಲ್ಲವೇ? ಚರ್ಮಕ್ಕೆ ಕಂಪನದ ವಿಷಯದಲ್ಲೂ ಹಾಗೆಯೇ. ಜೋರಾದ ನಡುಕಕ್ಕೆ ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗಿ, ಮೆಲ್ಲಗಿನದನ್ನು ಗುರುತಿಸುವ ಶಕ್ತಿಯನ್ನು ತಾತ್ಕಾಲಿಕವಾಗಿ ಕಳೆದುಕೊಳ್ಳುತ್ತದೆ. ಮೇಲಿನಿಂದ ಇಳಿಯುವವರು ಅದಕ್ಕೇ ಯಾವಾಗಲೂ ಅಗತ್ಯಕ್ಕಿಂತ ಜೋರಾದ ಮಟ್ಟದಲ್ಲಿ ನಿಂತುಬಿಡುತ್ತಾರೆ.

ಹೀಗೆ ಮಾಡಿ. ಕಂಪನವನ್ನು ಪೂರ್ತಿ ಆರಿಸಿ ಅರ್ಧ ಗಂಟೆ ಆಡಿ. ಆಡುತ್ತ ಕೈಗೆ ಏನಾದರೂ ತಾಗಬೇಕಿತ್ತು ಎಂದು ಮನಸ್ಸು ಕಾದ ಕ್ಷಣಗಳನ್ನು ನೆನಪಿಟ್ಟುಕೊಳ್ಳಿ: ಬೆನ್ನ ಹಿಂದಿನಿಂದ ಏಟು ಬಿದ್ದಾಗಲೋ, ಮೀನು ಗಾಳಕ್ಕೆ ಸಿಕ್ಕಾಗಲೋ, ಗೇರ್ ಬದಲಾಯಿಸಬೇಕಾದಾಗಲೋ. ಅಂಥ ಕ್ಷಣಗಳು ಒಂದೂ ಸಿಗಲಿಲ್ಲವಾದರೆ ಆ ಆಟಕ್ಕೆ ನಿಮಗೆ ಕಂಪನ ಬೇಡ, ವಿಷಯ ಅಲ್ಲಿಗೆ ಮುಗಿಯಿತು. ಆರಿಸಿಯೇ ಇಡಿ, ಅದರಲ್ಲಿ ಸಂಕೋಚವೇನಿಲ್ಲ.

ಸಿಕ್ಕಿದ್ದರೆ ಅಂಥದೊಂದು ಕ್ಷಣವನ್ನು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಆಡಿ. ಸ್ಲೈಡರನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ. ಮೊದಲ ಬಾರಿ ತಿಳಿಯಿತು ಎನಿಸುವ ಮಟ್ಟವೊಂದು ಬರುತ್ತದೆ. ಅಲ್ಲಿ ನಿಲ್ಲಬೇಡಿ, ಶಾಂತವಾಗಿ ಪರೀಕ್ಷಿಸುವಾಗ ತಿಳಿದದ್ದು ಆಟದ ಬಿಸಿಯಲ್ಲಿ ತಿಳಿಯುವುದಿಲ್ಲ. ಇನ್ನೂ ಏರಿಸಿ. ಮುಂದೊಂದು ಮಟ್ಟದಲ್ಲಿ ಗಮನ ಆಟದಿಂದ ಕಿತ್ತು ಕೈಗೆ ಬರುತ್ತದೆ, ಕಂಟ್ರೋಲರ್ ಎಂಬ ವಸ್ತುವೊಂದನ್ನು ಹಿಡಿದಿದ್ದೇನೆ ಎಂದು ನೆನಪಾಗುತ್ತದೆ. ಅದು ಅತಿಯಾಯಿತು. ಈ ಎರಡರ ನಡುವೆ, ಮೊದಲನೆಯದಕ್ಕೆ ಹತ್ತಿರವಾಗಿ, ನಿಮ್ಮ ಮಟ್ಟ ಇದೆ. ನನಗೆ ಹೆಚ್ಚಿನ ಆಟಗಳಲ್ಲಿ ಅದು ಪೂರ್ತಿ ಜೋರಿನ ಅರ್ಧಕ್ಕೂ ಕೆಳಗೇ ಸಿಕ್ಕಿದೆ. ನಿಮ್ಮದು ಬೇರೆಯಿರಬಹುದು: ಕಂಟ್ರೋಲರನ್ನು ಬಿಗಿಯಾಗಿ ಅದುಮಿ ಹಿಡಿಯುವವರಿಗೂ ಬೆರಳತುದಿಯಲ್ಲಿ ಹಗುರವಾಗಿ ಹಿಡಿಯುವವರಿಗೂ ಅದೇ ಕಂಪನ ಒಂದೇ ರೀತಿ ತಟ್ಟುವುದಿಲ್ಲ. ಸಿಲಿಕೋನ್ ಕವಚ ಹಾಕಿದ್ದರೆ ಅದೂ ಒಂದಿಷ್ಟನ್ನು ನುಂಗುತ್ತದೆ.

ಎರಡು ಮೋಟರನ್ನು ಬೇರೆಬೇರೆಯಾಗಿ ಹೊಂದಿಸುವ ಅವಕಾಶ ನಿಮಗಿದ್ದರೆ ದೊಡ್ಡದನ್ನು ಹೆಚ್ಚು ತಗ್ಗಿಸಿ, ಚಿಕ್ಕದನ್ನು ಕಡಿಮೆ ತಗ್ಗಿಸಿ. ಇದಕ್ಕೆ ದೇಹದಲ್ಲೇ ಕಾರಣವಿದೆ. ಚರ್ಮದ ಆಳದಲ್ಲಿರುವ ಪಚೀನಿಯನ್ ಎಂಬ ಸ್ಪರ್ಶ ಗ್ರಾಹಕಗಳು 200ರಿಂದ 300 ಹರ್ಟ್ಜ್ ಆಸುಪಾಸಿನ ಕಂಪನಕ್ಕೆ ಬಹಳ ಸೂಕ್ಷ್ಮ. ಅಷ್ಟು ವೇಗದ ಅದುರು ತೀರಾ ಚಿಕ್ಕದಾಗಿದ್ದರೂ ಅವು ಹಿಡಿದುಬಿಡುತ್ತವೆ. ನಿಧಾನದ ಗುಡುಗು ಮಾಹಿತಿಗಿಂತ ಹೆಚ್ಚಾಗಿ ಕೈಯನ್ನೇ ಅಲ್ಲಾಡಿಸುತ್ತದೆ, ದಣಿಸುವುದೂ ಅದೇ.

ಹಂತ 5: ಆಟಕ್ಕೆ ತಕ್ಕಂತೆ ತಿದ್ದಿ

ಒಂದೇ ಮಟ್ಟ ಎಲ್ಲ ಆಟಕ್ಕೂ ಹೊಂದುವುದಿಲ್ಲ. ರೇಸಿಂಗ್ ಆಟದಲ್ಲಿ ಕಂಪನವನ್ನು ಆರಿಸುವವರನ್ನು ನೋಡಿದರೆ ನನಗೆ ಮರುಕವೇ ಆಗುತ್ತದೆ. ನಿಜವಾದ ಚಾಲಕನಿಗೆ ಸೀಟಿನಿಂದ, ಸ್ಟಿಯರಿಂಗಿನಿಂದ ಬರುವ ಸುದ್ದಿಯೆಲ್ಲ ಆಟಗಾರನಿಗೆ ಬರಬೇಕಾದ ದಾರಿ ಇದೊಂದೇ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳುವುದು, ವೇಗ ಕೊಟ್ಟಾಗ ಚಕ್ರ ಹುಸಿಯಾಗಿ ತಿರುಗುವುದು, ರಸ್ತೆಯ ಅಂಚು ತಾಗುವುದು, ಎಲ್ಲವೂ ಕೈಗೆ ಬರಲಿ. ಆದರೆ ಕೆಲವು ಆಟಗಳು ಎಂಜಿನ್ನಿನ ಗುಂಯ್‌ಕಾರವನ್ನೂ ಬಿಡದೆ ಕಳಿಸುತ್ತವೆ. ಎಂಜಿನ್ನಿಗೆ ಪ್ರತ್ಯೇಕ ಆಯ್ಕೆ ಇದ್ದರೆ ಅದನ್ನು ಮೊದಲು ಮುಚ್ಚಿ. ಸದಾ ಇರುವ ಸದ್ದು ಸುದ್ದಿಯಲ್ಲ.

ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಮಾತು ತಿರುಗುಮುರುಗು. ಸ್ಪರ್ಧೆಗಾಗಿ ಆಡುವವರು ಕಂಪನವನ್ನು ಆರಿಸುವುದು ಸಾಮಾನ್ಯ, ಅದಕ್ಕೆ ನ್ಯಾಯವಾದ ಕಾರಣವೂ ಇದೆ: ಹೆಬ್ಬೆರಳು ಕೂದಲೆಳೆಯಷ್ಟು ಸರಿಸಬೇಕಾದ ಹೊತ್ತಿನಲ್ಲೇ ಬಂದೂಕು ಸಿಡಿದು ಇಡೀ ಕಂಟ್ರೋಲರ್ ನಡುಗಿದರೆ ಗುರಿ ಕದಲುತ್ತದೆ. ಕಂಟ್ರೋಲರನ್ನೇ ವಾಲಿಸಿ ಗುರಿಯಿಡುವ ಗೈರೊ ಬಳಸುವವರಿಗಂತೂ ಇನ್ನೂ ತೊಂದರೆ, ಏಕೆಂದರೆ ಮೋಟರಿನ ನಡುಕವನ್ನು ಸೆನ್ಸರ್ ನಿಮ್ಮ ಕೈಯ ಚಲನೆಯೆಂದೇ ಎಣಿಸಬಹುದು. ಈ ಜಗಳ ಹಳೆಯದು. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಅದರ ಸಿಕ್ಸ್‌ಆ್ಯಕ್ಸಿಸ್ ಕಂಟ್ರೋಲರಿನಲ್ಲಿ ಕಂಪನವೇ ಇರಲಿಲ್ಲ. ಅಲುಗಾಟ ಅಳೆಯುವ ಸೆನ್ಸರಿಗೆ ಅಡ್ಡಿಯಾಗುತ್ತದೆ ಎಂಬುದು ಸೋನಿ ಕೊಟ್ಟ ಕಾರಣ. ಅದೇ ಕಾಲಕ್ಕೆ ಕಂಪನದ ಪೇಟೆಂಟ್‌ಗಳ ಸಂಬಂಧ ಇಮ್ಮರ್ಶನ್ ಎಂಬ ಕಂಪನಿಯೊಂದಿಗೆ ಅದರ ವ್ಯಾಜ್ಯವೂ ನಡೆಯುತ್ತಿತ್ತು. 2007ರಲ್ಲಿ ವ್ಯಾಜ್ಯ ತೀರ್ಮಾನವಾಯಿತು, ಅದೇ ವರ್ಷ ಕಂಪನ ಮತ್ತು ಸೆನ್ಸರ್ ಎರಡೂ ಇರುವ ಡ್ಯುಯಲ್‌ಶಾಕ್ 3 ಜಪಾನಿನಲ್ಲಿ ಹೊರಬಂತು. ಯಾವ ಕಾರಣ ಎಷ್ಟು ನಿಜ ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಶೂಟಿಂಗ್ ಆಟದಲ್ಲಿ ನನ್ನ ರಾಜಿ ಹೀಗೆ: ನಾನು ಹಾರಿಸಿದ ಗುಂಡಿಗೆ ಕಂಪನ ಬೇಡ, ನನಗೆ ಬಿದ್ದ ಏಟಿಗೆ ಇರಲಿ. ಹಾಗೆ ಬೇರ್ಪಡಿಸುವ ಆಯ್ಕೆಯನ್ನು ಎಲ್ಲ ಆಟಗಳೂ ಕೊಡುವುದಿಲ್ಲ. ಕೊಡದಿದ್ದರೆ ಒಂಟಿಯಾಗಿ ಕಥೆ ಆಡುವಾಗ ಮೆಲ್ಲಗೆ, ಎದುರಾಳಿಗಳೊಂದಿಗೆ ಆಡುವಾಗ ಬಂದ್.

ಭಯ ಹುಟ್ಟಿಸುವ ಆಟ, ಒಗಟಿನ ಆಟ, ಸಾಹಸದ ಆಟಗಳಲ್ಲಿ ಕಂಪನ ಅಪರೂಪಕ್ಕೆ ಬಂದಷ್ಟೂ ಬೆಲೆ ಹೆಚ್ಚು. 1998ರ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ಮನೋಶಕ್ತಿಯ ಖಳನೊಬ್ಬ ಕಂಟ್ರೋಲರನ್ನು ನೆಲದ ಮೇಲಿಡುವಂತೆ ಹೇಳಿ, ಕಂಪನದಿಂದಲೇ ಅದನ್ನು ಸರಿಸಿ ತೋರಿಸುತ್ತಾನೆ. ಅದೇ ವರ್ಷದ ಜೆಲ್ಡಾ ಆಟ ಒಕರಿನಾ ಆಫ್ ಟೈಮ್‌ನಲ್ಲಿ ಒಂದು ಕಲ್ಲು ಸಿಗುತ್ತದೆ. ಗುಪ್ತ ಗುಹೆಯ ಬಳಿ ಬಂದಾಗ ರಂಬಲ್ ಪ್ಯಾಕ್ ನಡುಗಿ ಸುಳಿವು ಕೊಡುತ್ತದೆ. ಪ್ಯಾಕ್ ಇಲ್ಲದವರಿಗೆ ಆ ಕಲ್ಲು ಬರೀ ಕಲ್ಲೇ. ಇಂಥ ಆಟದಲ್ಲಿ ಕಂಪನ ಆರಿಸಿದವರು ಆಟದ ಒಂದು ತುಂಡನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಹೊಸ ಆಟದ ಮೊದಲ ಒಂದು ಗಂಟೆ ಕಂಪನ ಇರಲಿ, ಅದು ಮಾತನಾಡುವ ಜಾತಿಯದೋ ಬಡಬಡಿಸುವ ಜಾತಿಯದೋ ಎಂದು ತಿಳಿಯುವವರೆಗೆ.

ತಾಳ ಹಿಡಿದು ಗುಂಡಿ ಒತ್ತುವ ಆಟಗಳಲ್ಲಿ ತಿರುಗು ಮೋಟರ್ ಇದ್ದರೆ ಆರಿಸುವುದೇ ಲೇಸು. ಅದರ ತಡ ತಾಳವನ್ನು ಕೆಡಿಸುತ್ತದೆ.

ಹಂತ 6: ಟ್ರಿಗರನ್ನು ಬೇರೆಯಾಗಿಯೇ ನೋಡಿ

2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಎರಡು ಟ್ರಿಗರುಗಳ ಒಳಗೂ ಪುಟ್ಟ ಮೋಟರ್ ಇಟ್ಟಿತು. ಒಟ್ಟು ನಾಲ್ಕಾಯಿತು. ಬೆರಳ ತುದಿ ಅಂಗೈಗಿಂತ ಬಹಳ ಸೂಕ್ಷ್ಮವಾದ್ದರಿಂದ ಇಲ್ಲಿ ಕಡಿಮೆಯೇ ಸಾಕಾಗುತ್ತದೆ. ರೇಸಿಂಗ್ ಆಟದಲ್ಲಿ ಹಿಡಿಕೆಯ ಕಂಪನವನ್ನು ಪೂರ್ತಿ ಆರಿಸಿ ಟ್ರಿಗರಿನದನ್ನು ಮಾತ್ರ ಇಟ್ಟು ಒಮ್ಮೆ ಆಡಿ ನೋಡಿ: ಬ್ರೇಕಿನ ಸುದ್ದಿ ಬ್ರೇಕ್ ಒತ್ತುವ ಬೆರಳಿಗೇ ಬರುತ್ತದೆ.

ಡ್ಯುಯಲ್‌ಸೆನ್ಸ್‌ನ ಟ್ರಿಗರ್ ಬೇರೆಯೇ ಕಥೆ. ಅದು ಬೆರಳಿಗೆ ಎದುರೊತ್ತು ಕೊಡುತ್ತದೆ, ಬಿಲ್ಲಿನ ಹೆದೆ ಎಳೆದಂತೆ ಬಿಗಿಯಾಗುತ್ತದೆ. ಮೊದಲ ವಾರ ಸೊಗಸು. ಆಮೇಲೆ ದಿನಕ್ಕೆ ಸಾವಿರ ಸಲ ಒತ್ತುವಾಗ ತೋರುಬೆರಳು ದೂರು ಹೇಳತೊಡಗುತ್ತದೆ. ನಾನು ಇದನ್ನು ಮೆಲ್ಲಗೆ ಎಂಬ ಮೆಟ್ಟಿಲಿನಲ್ಲಿ ಇಟ್ಟು ಕಂಪನವನ್ನು ಮಧ್ಯಮದಲ್ಲಿ ಇಟ್ಟಿದ್ದೇನೆ.

ಹಂತ 7: ಪಿಸಿಯಾದರೆ ತಂತಿ ಜೋಡಿಸಿ

ಡ್ಯುಯಲ್‌ಸೆನ್ಸ್ ಬಳಸುವ ಪಿಸಿ ಆಟಗಾರರು ಕಂಪನ ಸಪ್ಪೆಯಾಗಿದೆ ಎಂದು ಕೊರಗಿದರೆ ಮೊದಲು ಕೇಳಬೇಕಾದ್ದು: ಬ್ಲೂಟೂತೋ, ಯುಎಸ್‌ಬಿ ಕೇಬಲೋ? ಕೇಬಲ್ ಹಾಕಿದಾಗ ಕಂಪ್ಯೂಟರಿಗೆ ಈ ಕಂಟ್ರೋಲರ್ ಒಂದು ಧ್ವನಿ ಸಾಧನದಂತೆ ಕಾಣಿಸುತ್ತದೆ, ಸೂಕ್ಷ್ಮ ಕಂಪನಗಳು ಧ್ವನಿಯ ರೂಪದಲ್ಲೇ ಅದಕ್ಕೆ ಹರಿಯುತ್ತವೆ. ಸೂಕ್ಷ್ಮ ಕಂಪನಕ್ಕೆ ಬೆಂಬಲ ಕೊಡುವ ಪಿಸಿ ಆಟಗಳು ಸಾಮಾನ್ಯವಾಗಿ ಈ ತಂತಿಯ ದಾರಿಯನ್ನೇ ಕೇಳುತ್ತವೆ. ಬ್ಲೂಟೂತ್‌ನಲ್ಲಿ ಹೆಚ್ಚಾಗಿ ಸಿಗುವುದು ಹಳೆಯ ಕಾಲದ ಗುಡುಗಿನ ಅನುಕರಣೆ ಮಾತ್ರ. ಕೇಬಲ್ ಹಾಕಿದಾಗ ಕಂಪ್ಯೂಟರಿನ ಧ್ವನಿಯೆಲ್ಲ ಕಂಟ್ರೋಲರಿನ ಪುಟ್ಟ ಸ್ಪೀಕರಿಗೆ ಹೋಗಿಬಿಟ್ಟರೆ ಗಾಬರಿಯಾಗಬೇಡಿ, ಧ್ವನಿ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಡ್‌ಫೋನನ್ನು ಮತ್ತೆ ಆಯ್ಕೆ ಮಾಡಿದರಾಯಿತು.

ತಂತಿಯಿಲ್ಲದೆ ಆಡುವವರಿಗೆ ಕಂಪನ ತಗ್ಗಿಸಿದಷ್ಟೂ ಬ್ಯಾಟರಿ ಬಾಳುತ್ತದೆ. 2002ರಲ್ಲಿ ನಿಂಟೆಂಡೊ ತನ್ನ ತಂತಿರಹಿತ ವೇವ್‌ಬರ್ಡ್ ಕಂಟ್ರೋಲರಿನಿಂದ ಕಂಪನವನ್ನೇ ತೆಗೆದುಹಾಕಿದ್ದು ಇದೇ ಲೆಕ್ಕಾಚಾರದಲ್ಲಿ.

ಹಂತ 8: ಕೈಯ ಮಾತು ಕೇಳಿ

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರು ಹದಿನೈದು ವರ್ಷದ ಹುಡುಗನೊಬ್ಬನ ಪ್ರಕರಣ ವರದಿ ಮಾಡಿದ್ದರು. ದಿನಕ್ಕೆ ಏಳು ಗಂಟೆಯವರೆಗೂ ಕಂಪಿಸುವ ಕಂಟ್ರೋಲರ್ ಹಿಡಿದು ಆಡುತ್ತಿದ್ದ ಅವನ ಕೈಗಳು ಚಳಿಗೆ ಬಿಳಿಚಿಕೊಂಡು ಊದಿ ನೋಯುತ್ತಿದ್ದವು. ಕಂಪಿಸುವ ಯಂತ್ರಗಳೊಂದಿಗೆ ದುಡಿಯುವ ಕಾರ್ಮಿಕರಲ್ಲಿ ಕಾಣುವ ತೊಂದರೆಯನ್ನು ಅದು ಹೋಲುತ್ತಿತ್ತು. ಅದು ಒಬ್ಬನ ಪ್ರಕರಣ, ಅದರಿಂದ ಎಲ್ಲರ ಕೈಯೂ ಕೆಡುತ್ತದೆ ಎನ್ನಲಾಗದು. ಆದರೂ ಜೋಮು, ಚುಚ್ಚಿದ ಅನುಭವ, ಬೆರಳು ಬಿಳಿಚುವುದು ಇವು ಕಂಡರೆ ಸ್ಲೈಡರಿನ ಲೆಕ್ಕ ಬಿಟ್ಟು ಕಂಪನವನ್ನು ಪೂರ್ತಿ ಆರಿಸಿ, ಕೈಗೆ ಬಿಡುವು ಕೊಡಿ. ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಂಧಿವಾತ ಇರುವವರಿಗೆ, ಸ್ಪರ್ಶ ಸಂವೇದನೆ ಅತಿಯಾಗಿರುವವರಿಗೆ ಮೆಲ್ಲಗಿನ ಕಂಪನವೂ ಹಿಂಸೆಯಾಗಬಹುದು. ಅಂಥವರು ಆರಿಸಿ ಆಡುವಾಗ "ನೀನು ಪೂರ್ತಿ ಅನುಭವ ಪಡೆಯುತ್ತಿಲ್ಲ" ಎಂದು ಉಪದೇಶಿಸುವ ಗೆಳೆಯರು ದಯವಿಟ್ಟು ಸುಮ್ಮನಿರಬೇಕು.

ಇದರ ಇನ್ನೊಂದು ಮುಖವೂ ಇದೆ. ಕಿವಿ ಕೇಳಿಸದವರಿಗೆ, ಕಣ್ಣು ಮಂಜಾದವರಿಗೆ ಕಂಪನವೇ ಕಿವಿ, ಕಂಪನವೇ ಕಣ್ಣು. 2022ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಆಟದಲ್ಲಿ ಪಾತ್ರಗಳ ಮಾತಿನ ಏರಿಳಿತವನ್ನು ಕಂಟ್ರೋಲರಿನ ಕಂಪನವಾಗಿ ಕೊಡುವ ಆಯ್ಕೆಯಿದೆ; ಮಾತನ್ನು ಕೇಳಲಾಗದವರು ಅದನ್ನು ಹೇಗೆ ಹೇಳಲಾಯಿತು ಎಂಬುದನ್ನು ಅಂಗೈಯಲ್ಲಿ ಅರಿಯಬಹುದು. ಅವರಿಗೆ ಬೇಕಾದ ಮಟ್ಟ ನನ್ನ "ಅರ್ಧಕ್ಕೂ ಕೆಳಗೆ" ಎಂಬ ಸಲಹೆಗೆ ನೇರ ವಿರುದ್ಧ. ಆಟದ ಆಕ್ಸೆಸಿಬಿಲಿಟಿ ವಿಭಾಗವನ್ನು ಎಲ್ಲರೂ ಒಮ್ಮೆ ತೆರೆದು ನೋಡಬೇಕು. ಕಂಪನದ ನಯವಾದ ಆಯ್ಕೆಗಳು ಎಷ್ಟೋ ಸಲ ಕಂಟ್ರೋಲರ್ ವಿಭಾಗದಲ್ಲಿರದೆ ಅಲ್ಲಿ ಅಡಗಿರುತ್ತವೆ.

ನೀವೇ ಆಟ ರೂಪಿಸುವವರಾದರೆ

ಎರಡೇ ಮಾತು. ಆಟ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳಲು ವಿಂಡೋಸ್‌ನಲ್ಲಿರುವ ಎಕ್ಸ್‌ಇನ್‌ಪುಟ್ ಎಂಬ ವ್ಯವಸ್ಥೆ ಪ್ರತಿ ಮೋಟರಿಗೂ 0ಯಿಂದ 65535ರವರೆಗೆ ಅಂಕಿ ಕೊಡುವ ಅವಕಾಶ ನೀಡುತ್ತದೆ. ಹಾಗಿದ್ದೂ ಎಲ್ಲ ಏಟಿಗೂ ಕೊನೆಯ ಅಂಕಿಯನ್ನೇ ಬರೆಯುವುದು ಸೋಮಾರಿತನ. ಮತ್ತು ಆಟಗಾರ ಆಟವನ್ನು ತಡೆಹಿಡಿದಾಗ, ಬೇರೆ ಕಿಟಕಿಗೆ ಹೋದಾಗ ಮೋಟರಿಗೆ ಸೊನ್ನೆ ಕಳಿಸಲು ಮರೆಯಬೇಡಿ. ನೀವು ನಿಲ್ಲು ಎನ್ನುವವರೆಗೆ ಅದು ನಿಲ್ಲುವುದಿಲ್ಲ.

ಹಂತ 9: ಬರೆದಿಡಿ, ಸಿಕ್ಕಿಕೊಂಡರೆ ಬಿಡಿಸಿ

ಆಟ ಕುಸಿದುಬಿದ್ದಾಗ ಕಂಟ್ರೋಲರ್ ನಡುಗುತ್ತಲೇ ಉಳಿಯುವುದುಂಟು. ಬಡಿಯಬೇಡಿ, ಅಲುಗಿಸಬೇಡಿ. ನಡುವಿನ ಲಾಂಛನದ ಗುಂಡಿಯನ್ನು ಒತ್ತಿ ಹಿಡಿದು ಕಂಟ್ರೋಲರನ್ನೇ ಆರಿಸಿ ಮತ್ತೆ ಹಚ್ಚಿ; ತಂತಿಯಿದ್ದರೆ ಕಿತ್ತು ಮತ್ತೆ ಸಿಕ್ಕಿಸಿ. ಕಂಟ್ರೋಲರನ್ನು ಮೇಜಿನ ಮೇಲೆ ಬಿಟ್ಟು ಎದ್ದುಹೋಗುವ ಅಭ್ಯಾಸವಿದ್ದರೆ ಅದರ ಅಡಿಗೊಂದು ಬಟ್ಟೆಯಿಡಿ. ಗಟ್ಟಿ ಮರದ ಮೇಲೆ ಕುಣಿಯುವ ಕಂಟ್ರೋಲರಿನ ಸದ್ದು ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಕೇಳಿಸುತ್ತದೆ, ಅಂಚಿನಿಂದ ಬೀಳುವ ಅಪಾಯ ಬೇರೆ.

ಕೊನೆಯದಾಗಿ, ಹೊಂದಿಸಿದ ಮಟ್ಟಗಳನ್ನು ಮೊಬೈಲಿನ ಟಿಪ್ಪಣಿಯಲ್ಲಿ ಆಟವಾರು ಬರೆದಿಟ್ಟುಕೊಳ್ಳಿ: ಯಂತ್ರದ ಮಟ್ಟ, ಆಟದ ಮಟ್ಟ, ಟ್ರಿಗರ್, ತಂತಿಯೋ ಬ್ಲೂಟೂತೋ. ದೊಡ್ಡ ಅಪ್‌ಡೇಟ್ ಬಂದಾಗ ಆಟವೊಂದು ಎಲ್ಲವನ್ನೂ ಮರೆತು ಮತ್ತೆ ಪೂರ್ತಿ ಜೋರಿಗೆ ಮರಳಿದ್ದು ನನ್ನ ಅನುಭವದಲ್ಲೇ ಎರಡು ಸಲ. ಟಿಪ್ಪಣಿ ಇದ್ದರೆ ಅರ್ಧ ನಿಮಿಷದ ಕೆಲಸ. ಇಲ್ಲದಿದ್ದರೆ ಮತ್ತೆ ಹಂತ 4, ಮತ್ತೆ ಅರ್ಧ ಗಂಟೆಯ ಮೌನ.